ಸುಣ್ಣಕಲ್ಲಿನ ಊರಿನಲ್ಲಿ ಥಿ ಕಿನ್

ಇಂಡಿಯಾನಾಪೊಲಿಸ್ ನಗರ ಬಿಟ್ಟು ದಕ್ಷಿಣಕ್ಕೆ ಐವತ್ತು ಮೈಲಿ ಸಾಗಿದರೆ ಬ್ಲೂಮಿಂಗ್ಟನ್. ದಾರಿಯ ಮೊದಲ ಪಾಲೆಲ್ಲ ಅಂಗೈಯಂತೆ ಚಪ್ಪಟೆ. ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಹಿಮಯುಗದ ನೀರ್ಗಲ್ಲುಗಳು ಉಜ್ಜಿ ಮಟ್ಟಸ ಮಾಡಿದ ಆ ನೆಲ ಮುಗಿದ ಮೇಲೆ ಭೂಮಿ ಏರಿಳಿಯತೊಡಗುತ್ತದೆ, ಕಾಡು ಹತ್ತಿರವಾಗುತ್ತದೆ, ಅಲ್ಲಲ್ಲಿ ಕಲ್ಲು ತೆಗೆದು ಬಿಟ್ಟ ಕ್ವಾರಿಗಳ ಹೊಂಡಗಳು ಕಾಣಿಸುತ್ತವೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಹೊರಮೈಗೆ ಹೊದಿಸಿದ ಸುಣ್ಣಕಲ್ಲು ಹೋದದ್ದು ಈ ಸೀಮೆಯಿಂದ. ಊರೊಳಗೆ ಕೋರ್ಟು, ಬ್ಯಾಂಕು, ವಿಶ್ವವಿದ್ಯಾಲಯದ ಹಳೆಯ ಮಹಡಿಗಳು ಎಲ್ಲವೂ ಅದೇ ತಿಳಿಬಣ್ಣದ ಕಲ್ಲಿನವು. ಕಲ್ಲಿಗೆ ಇಷ್ಟು ಹೆಸರಾದ ಊರಿನಲ್ಲಿ ಒಪೆರಾ ಮಂದಿರವನ್ನು ಮಾತ್ರ ಬರಿಯ ಕಾಂಕ್ರೀಟಿನಲ್ಲಿ ಕಟ್ಟಿದ್ದಾರೆ. ಮುಂದೆ ಅಲೆಕ್ಸಾಂಡರ್ ಕಾಲ್ಡರ್ ಮಾಡಿದ ಭಾರಿ ಕೆಂಪು ಉಕ್ಕಿನ ಶಿಲ್ಪ. ಹಿಂದೆ ಕಿಟಕಿಯಿಲ್ಲದ ಕೋಟೆಯಂಥ ಗೋಡೆ. ಚೆಲುವಾದ ಕಟ್ಟಡ ಎನ್ನಲು ಬಾಯಿ ಬರುವುದಿಲ್ಲ. ಒಳಗೆ ಸುಮಾರು 1,460 ಆಸನ, ವೃತ್ತಿಪರ ಒಪೆರಾ ಕಂಪನಿಗಳು ಕೂಡ ಆಸೆಪಡುವಂಥ ರಂಗ. ಊರಿನ ಜನಸಂಖ್ಯೆ ಎಂಬತ್ತು ಸಾವಿರದ ಆಸುಪಾಸು. 2014ರ ಫೆಬ್ರುವರಿಯ ಚಳಿಯಲ್ಲಿ ಇದೇ ರಂಗದ ಮೇಲೆ ವಿಯೆಟ್ನಾಮಿನ ಹಳ್ಳಿಗಾಡಿನ ಒಂದು ಕತೆ ಹೊಚ್ಚಹೊಸ ಒಪೆರಾ ಆಗಿ ಮೊದಲ ಬಾರಿಗೆ ಬಂತು. ಅದನ್ನು ಆಡಿದವರು ಇಂಡಿಯಾನಾ ವಿಶ್ವವಿದ್ಯಾಲಯದ ಜೇಕಬ್ಸ್ ಸಂಗೀತ ಶಾಲೆಯ ವಿದ್ಯಾರ್ಥಿಗಳು. ಇಂಥ ಕೃತಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ನಿನಲ್ಲೋ ಸ್ಯಾನ್ ಫ್ರಾನ್ಸಿಸ್ಕೊದಲ್ಲೋ ಹುಟ್ಟುವ ಬದಲು ಈ ಹೊಲಗಳ ನಡುವೆ ಯಾಕೆ ಹುಟ್ಟಿತು ಎಂಬ ಪ್ರಶ್ನೆ ಇಲ್ಲಿಗೆ ಬಂದವರಿಗೆ ಏಳದೆ ಇರದು. ಹುಟ್ಟಬೇಕಾದ ಜಾಗದಲ್ಲೇ ಹುಟ್ಟಿತು ಎಂಬುದು ಈ ಬರಹದ ವಾದ.

ಒಪೆರಾ ಪುಸ್ತಕದಂಥದ್ದಲ್ಲ. ಕವಿ ಒಬ್ಬನೇ ಕೂತು ಬರೆದು, ಅಚ್ಚು ಹಾಕಿಸಿ, ಓದುಗ ಸಿಗುವ ತನಕ ಕಾಯಬಲ್ಲ. ಒಪೆರಾಕ್ಕೆ ಹಾಡುವವರು, ನುಡಿಸುವವರು, ಬಣ್ಣ ಬಳಿಯುವವರು, ಬಟ್ಟೆ ಹೊಲಿಯುವವರು, ದೀಪ ಹಿಡಿಯುವವರು ಎಲ್ಲರೂ ತಿಂಗಳುಗಟ್ಟಲೆ ಒಂದೇ ಕಡೆ ಇರಬೇಕು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಳ ಇದ್ದರೆ ತಾನೇ ಹೊಸ ಪ್ರಸಂಗ? ಭಾಗವತರ ಕಂಠ ಎಂಥದು, ಸ್ತ್ರೀವೇಷಕ್ಕೆ ಯಾರಿದ್ದಾರೆ, ಹಾಸ್ಯಕ್ಕೆ ಯಾರು ಎಂಬುದೆಲ್ಲ ತಿಳಿದೇ ಪ್ರಸಂಗಕರ್ತ ಪದ್ಯ ಕಟ್ಟುವುದು. ಹದಿನೆಂಟನೆಯ ಶತಮಾನದ ಯುರೋಪಿನಲ್ಲೂ ಹೀಗೆಯೇ ನಡೆಯುತ್ತಿತ್ತು. ದೊಡ್ಡ ನಗರಗಳ ಒಪೆರಾ ಮನೆಗಳು ಇಂದು ಬಹುಮಟ್ಟಿಗೆ ಈ ರೂಢಿ ಬಿಟ್ಟಿವೆ. ಗಾಯಕರು ವಿಮಾನದಲ್ಲಿ ಬರುತ್ತಾರೆ, ಮೊದಲೇ ಬಾಯಿಪಾಠವಾದ ಪಾತ್ರ ಹಾಡುತ್ತಾರೆ, ಮುಂದಿನ ಊರಿಗೆ ಹಾರುತ್ತಾರೆ. ಮೇಳ ಎನ್ನಬಹುದಾದದ್ದು ಉಳಿದಿದ್ದರೆ ಅದು ಇಂಥ ಶಾಲೆಗಳಲ್ಲಿ. ಜೇಕಬ್ಸ್‌ನಲ್ಲಿ ಸುಮಾರು 1,600 ವಿದ್ಯಾರ್ಥಿಗಳಿದ್ದಾರೆ. ವರ್ಷಕ್ಕೆ ಹೆಚ್ಚುಕಡಿಮೆ ಆರು ರಂಗಕೃತಿಗಳು. ಒಂದೊಂದಕ್ಕೂ ಸಾಮಾನ್ಯವಾಗಿ ಎರಡು ವಾರಾಂತ್ಯಗಳಲ್ಲಿ ನಾಲ್ಕು ಪ್ರದರ್ಶನ. ಮುಖ್ಯ ಪಾತ್ರಗಳಿಗೆ ಎರಡೆರಡು ತಂಡ ತಯಾರಾಗಿ ಸರದಿಯಲ್ಲಿ ಹಾಡುತ್ತವೆ. ಒಂದು ಕೃತಿ ರಂಗದ ಮೇಲಿರುವಾಗಲೇ ಮುಂದಿನದರ ಮರ ಕೊಯ್ಯುವ ಸದ್ದು ಶುರುವಾಗಿರುತ್ತದೆ.

ಇದೇನೂ ನಿನ್ನೆ ಮೊನ್ನೆಯ ಸಾಹಸವಲ್ಲ. 1947ರಲ್ಲಿ ಡೀನ್ ಆಗಿ ಬಂದ ವಿಲ್‌ಫ್ರೆಡ್ ಬೇನ್ ಹಠ ಹಿಡಿದು ಒಪೆರಾ ವಿಭಾಗ ಕಟ್ಟಿದರು. 1948ರ ಜುಲೈ ತಿಂಗಳಲ್ಲೇ ಕುರ್ಟ್ ವೈಲ್ ಅವರ ‘ಡೌನ್ ಇನ್ ದ ವ್ಯಾಲಿ’ ಇಲ್ಲಿ ಮೊದಲ ಪ್ರದರ್ಶನ ಕಂಡಿತು. ಬರ್ಲಿನ್ನಿನ ರಂಗಭೂಮಿಯನ್ನು ಅಲ್ಲಾಡಿಸಿ, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಬಂದಿದ್ದ ಆತ, ವಿದ್ಯಾರ್ಥಿಗಳೂ ಹವ್ಯಾಸಿಗಳೂ ಹಾಡಬಲ್ಲಂತೆ ಅಮೆರಿಕದ ಜನಪದ ಹಾಡುಗಳನ್ನು ಹೆಣೆದು ಅದನ್ನು ರೂಪಿಸಿದ್ದ. ಅಲ್ಲಿಂದ ಅದು ದೇಶದ ಊರೂರಿನ ಶಾಲೆ ಕಾಲೇಜುಗಳಿಗೆ ಹೋಯಿತು. 1950ರಲ್ಲಿ ಲ್ಯೂಕಸ್ ಫಾಸ್ ಅವರು ಮಾರ್ಕ್ ಟ್ವೇನನ ಜಿಗಿಯುವ ಕಪ್ಪೆಯ ಕತೆಯನ್ನು ಒಪೆರಾ ಮಾಡಿದಾಗಲೂ ಮೊದಲ ರಂಗ ಇದೇ ಊರು. 1968ರಲ್ಲಿ ಹಳೆಯ ಮಂದಿರ ಬೆಂಕಿಗೆ ಆಹುತಿಯಾಯಿತು. 1972ರಲ್ಲಿ ಈಗಿನ ಕಾಂಕ್ರೀಟ್ ಕೋಟೆ ತೆರೆದಾಗ ಮೊಜಾರ್ಟನನ್ನೋ ವೆರ್ಡಿಯನ್ನೋ ಹಾಡಿಸಿ ಸುರಕ್ಷಿತವಾಗಿ ಉದ್ಘಾಟನೆ ಮುಗಿಸಬಹುದಿತ್ತು. ಅವರು ಆಯ್ದುಕೊಂಡದ್ದು ತಮ್ಮದೇ ಅಧ್ಯಾಪಕ ಜಾನ್ ಈಟನ್ ಬರೆದ, ಹೆಚ್ಚಿನವರು ಕೇಳಿರದ ‘ಹೆರಾಕ್ಲೀಸ್’. ಗೃಹಪ್ರವೇಶಕ್ಕೆ ಇನ್ನೂ ರುಚಿ ನೋಡದ ಅಡುಗೆ ಬಡಿಸುವ ಈ ಎದೆಗಾರಿಕೆ ಟಿಕೆಟ್ಟಿನ ಹಣವನ್ನೇ ನಂಬಿ ಬದುಕುವವರಿಗೆ ಬರುವುದು ಕಷ್ಟ.

2014ರ ಒಪೆರಾದ ಹೆಸರು ‘ದ ಟೇಲ್ ಆಫ್ ಲೇಡಿ ಥಿ ಕಿನ್’. ಬರೆದವರು ಪಿ.ಕ್ಯೂ. ಫಾನ್, ಅದೇ ಶಾಲೆಯಲ್ಲಿ ಸಂಗೀತ ರಚನೆ ಕಲಿಸುವ ಪ್ರಾಧ್ಯಾಪಕರು. 1962ರಲ್ಲಿ ವಿಯೆಟ್ನಾಮಿನಲ್ಲಿ ಹುಟ್ಟಿ, ವಾಸ್ತುಶಿಲ್ಪ ಓದುತ್ತಿರುವಾಗ ತಾವೇ ಪಿಯಾನೊ ಕಲಿತು, 1982ರಲ್ಲಿ ಅಮೆರಿಕಕ್ಕೆ ಬಂದ ಮೇಲಷ್ಟೇ ಸಂಗೀತವನ್ನು ಕ್ರಮವಾಗಿ ಅಭ್ಯಾಸ ಮಾಡಿದವರು. ಅವರು ಎತ್ತಿಕೊಂಡ ಕತೆ ಉತ್ತರ ವಿಯೆಟ್ನಾಮಿನ ಕೆಂಪುನದಿಯ ಬಯಲಿನಲ್ಲಿ ಬೆಳೆದ ‘ಚೆಯೋ’ ಎಂಬ ಹಳ್ಳಿಯಾಟದ್ದು. ಊರ ಚಾವಡಿಯ ಅಂಗಳದಲ್ಲಿ ಚಾಪೆ ಹಾಸಿ, ಮೂರು ಕಡೆ ಜನ ಕೂತು, ಹಾಡು, ಕುಣಿತ, ಮಾತು, ವಿದೂಷಕನ ಕುಚೋದ್ಯ ಎಲ್ಲ ಬೆರೆತು ನಡೆಯುವ ಆಟ. ಊರಗೌಡನನ್ನೂ ಪಂಡಿತನನ್ನೂ ಲೇವಡಿ ಮಾಡುವ ಸ್ವಾತಂತ್ರ್ಯ ಅದರ ಹಾಸ್ಯಗಾರನಿಗಿದೆ. ಕತೆ ಹೀಗೆ: ಥಿ ಕಿನ್ ಎಂಬ ಹೆಣ್ಣುಮಗಳು ಮಲಗಿದ ಗಂಡನ ಗದ್ದದಲ್ಲಿ ಅಡ್ಡಾದಿಡ್ಡಿ ಬೆಳೆದ ಒಂದು ಕೂದಲನ್ನು ಕಂಡು ಚಾಕುವಿನಿಂದ ಕತ್ತರಿಸಲು ಹೋಗುತ್ತಾಳೆ. ಗಂಡ ಥಟ್ಟನೆ ಎಚ್ಚರಗೊಂಡು ಕೊಲ್ಲಲು ಬಂದಳೆಂದು ಕೂಗುತ್ತಾನೆ. ಅತ್ತೆ ಮನೆಯಿಂದ ಹೊರಗೆ ಹಾಕುತ್ತಾಳೆ. ಅವಳು ಗಂಡುವೇಷ ತೊಟ್ಟು ಬೌದ್ಧ ವಿಹಾರ ಸೇರಿ ಎಳೆಯ ಭಿಕ್ಷುವಾಗುತ್ತಾಳೆ. ಊರ ಸಿರಿವಂತನ ಮಗಳು ಥಿ ಮೌ ಆ ಭಿಕ್ಷುವಿಗೇ ಮನಸೋಲುತ್ತಾಳೆ. ಅಲ್ಲಿ ಒಲವು ಸಿಗದೆ ಮನೆಯ ಆಳಿನಿಂದ ಬಸುರಾಗಿ, ಪಂಚಾಯ್ತಿಯ ಮುಂದೆ ಭಿಕ್ಷುವಿನತ್ತ ಬೆರಳು ತೋರುತ್ತಾಳೆ. ನಾನು ಹೆಣ್ಣು ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಥಿ ಕಿನ್ ಹೇಳುವುದಿಲ್ಲ. ವಿಹಾರದ ಬಾಗಿಲ ಹೊರಗೆ ಆ ಕೂಸನ್ನು ಎತ್ತಿಕೊಂಡು ಮೂರು ವರ್ಷ ಬೇಡಿ ಸಾಕುತ್ತಾಳೆ. ಅವಳು ಸತ್ತ ಮೇಲೆಯೇ ಊರಿಗೆ ನಿಜ ಗೊತ್ತಾಗುವುದು. ಅವಳು ಕ್ವಾನ್ ಅಮ್, ಎಂದರೆ ಕರುಣೆಯ ಬೋಧಿಸತ್ವನಾಗಿ ಪೂಜೆಗೊಳ್ಳುತ್ತಾಳೆ. ಹೊರಿಸಬಾರದ ಅಪವಾದ ಹೊತ್ತವರನ್ನು ಕಂಡರೆ ವಿಯೆಟ್ನಾಮಿನವರು ಇಂದಿಗೂ ಥಿ ಕಿನ್ ಹೆಸರು ಹೇಳುತ್ತಾರೆ.

ಈ ಕತೆಯಲ್ಲಿ ಒಪೆರಾಕ್ಕೆ ಹೇಳಿ ಮಾಡಿಸಿದಂಥ ಒಂದು ಗುಣವಿದೆ. ನಾಯಕಿಯ ಮುಖ್ಯ ಕ್ರಿಯೆ ಮೌನ. ಸುತ್ತಲಿನವರೆಲ್ಲ ಅರಚುತ್ತಿರುವಾಗ ಅವಳು ಹೇಳದೆ ಉಳಿಸಿಕೊಂಡದ್ದನ್ನು ಸಭಿಕರು ಮಾತ್ರ ಬಲ್ಲರು. ಬರಿಯ ಮಾತಿನ ನಾಟಕದಲ್ಲಿ ಸುಮ್ಮನಿರುವ ಪಾತ್ರ ಬೇಗ ಕಣ್ಮರೆಯಾಗುತ್ತದೆ. ಸಂಗೀತದಲ್ಲಾದರೆ ವಾದ್ಯವೃಂದ ಅವಳ ಪರವಾಗಿ ಮಾತಾಡಬಲ್ಲದು. ಹೆಣ್ಣುಧ್ವನಿ ಗಂಡುವೇಷದಲ್ಲಿ ಹಾಡುವುದು ಒಪೆರಾದವರಿಗೆ ಹೊಸದೇನಲ್ಲ, ಅದು ಅವರ ಹಳೆಯ ಚಾಳಿ. ಗಂಡಸು ಹೆಣ್ಣಾಗಿ ಕುಣಿಯುವುದನ್ನು ತಲೆಮಾರುಗಳಿಂದ ನೋಡಿದ ಯಕ್ಷಗಾನದ ಪ್ರೇಕ್ಷಕರಿಗೂ ಈ ಅದಲುಬದಲು ವಿಚಿತ್ರ ಅನ್ನಿಸಲಾರದು.

ಆದರೆ ಇಲ್ಲೊಂದು ತಕರಾರಿದೆ, ಅದು ಹಗುರವಾದದ್ದಲ್ಲ. ಚೆಯೋ ಬರೆದಿಟ್ಟುಕೊಂಡು ಆಡುವ ಕಲೆಯಲ್ಲ. ಆ ಹೊತ್ತಿನ ಜನ, ಆ ಊರಿನ ಗುಟ್ಟು, ನಟನ ತಲೆಗೆ ಹೊಳೆದ ಮಾತು ಇವುಗಳಿಂದ ಬೆಳೆಯುವುದು. ವಿಯೆಟ್ನಾಮಿ ಭಾಷೆಗೆ ಆರು ಸ್ವರಭಾರಗಳಿವೆ; ಅದೇ ಅಕ್ಷರ ಏರುದನಿಯಲ್ಲಿ ಒಂದರ್ಥ, ಇಳಿದನಿಯಲ್ಲಿ ಇನ್ನೊಂದು. ಹಾಡಿನ ಧಾಟಿ ಮಾತಿನ ಈ ಏರಿಳಿತಕ್ಕೆ ಹೊಂದಿಕೊಂಡೇ ಹುಟ್ಟುತ್ತದೆ. ಫಾನ್ ಅವರ ಕೃತಿ ಇಂಗ್ಲಿಷಿನಲ್ಲಿದೆ, ಸಾಹಿತ್ಯವೂ ಅವರದೇ. ಇಂಗ್ಲಿಷಿಗೆ ಬಂದ ಕ್ಷಣವೇ ಆ ಧಾಟಿಯ ಬೇರು ಕಳಚಿತು. ಚಾಪೆಯ ಆಟವನ್ನು ಸಾವಿರದ ನಾನೂರು ಕುರ್ಚಿಗಳ ಮುಂದೆ, ಹಳ್ಳಿಯ ಡೋಲಿನ ಜಾಗದಲ್ಲಿ ಪಾಶ್ಚಾತ್ಯ ವಾದ್ಯವೃಂದ ಕೂರಿಸಿ, ಒಂದೊಂದು ಮಾತ್ರೆಯನ್ನೂ ಕಾಗದದ ಮೇಲೆ ಕಟ್ಟಿಹಾಕಿದರೆ ಉಳಿಯುವುದು ಸಿಪ್ಪೆ ಮಾತ್ರ ಅಲ್ಲವೇ? ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದ ಶಿವರಾಮ ಕಾರಂತರನ್ನು ಸಂಪ್ರದಾಯಸ್ಥರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಚೆಯೋ ಇಲ್ಲಿ ಉಳಿಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಕಲಾರೂಪ ಉಳಿಯುವುದು ಬೇರೆ, ಕತೆ ಮುಂದೆ ನಡೆಯುವುದು ಬೇರೆ. ಥಿ ಕಿನ್‌ಳ ಕತೆಯ ತುದಿಯಲ್ಲಿರುವ ದೇವತೆಯನ್ನೇ ನೋಡಿ. ಆಕೆಯ ಮೂಲ ಭಾರತದ ಅವಲೋಕಿತೇಶ್ವರ, ಗಂಡುರೂಪದ ಬೋಧಿಸತ್ವ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ ಅವನದೇ. ಅದರ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ. ಚೀನಾಕ್ಕೆ ಹೋದ ಅವನು ನಿಧಾನವಾಗಿ ಹೆಣ್ಣಾದ, ಲೋಕದ ದನಿಯನ್ನು ಕಾಣುವವಳು ಎಂಬ ಅರ್ಥದ ಹೆಸರು ಪಡೆದ, ವಿಯೆಟ್ನಾಮಿಗೆ ಬಂದು ಅಪವಾದ ಹೊತ್ತ ಸೊಸೆಯ ಕತೆಯನ್ನು ತನ್ನದು ಮಾಡಿಕೊಂಡ. ಇಷ್ಟು ಸಲ ವೇಷ ಬದಲಿಸಿದ ದೈವಕ್ಕೆ ಇಂಗ್ಲಿಷ್ ಒಪೆರಾ ಮೈಲಿಗೆಯಾದೀತೆ? ಬ್ಲೂಮಿಂಗ್ಟನ್ನಿಗೂ ಆತ ಹೊಸಬನಲ್ಲ. ಅವಲೋಕಿತೇಶ್ವರನ ಅವತಾರವೆಂದು ಟಿಬೆಟನ್ನರು ನಂಬುವ ದಲೈ ಲಾಮಾ ಅವರ ಅಣ್ಣ ಥುಬ್ಟೆನ್ ನೊರ್ಬು ಇದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1979ರಲ್ಲಿ ಅವರು ಕಟ್ಟಿದ ಟಿಬೆಟನ್ ಕೇಂದ್ರ ಊರಿನ ಅಂಚಿನಲ್ಲಿದೆ. ಬೈಲಕುಪ್ಪೆ ನೋಡಿದ ಕನ್ನಡಿಗರಿಗೆ ಅಲ್ಲಿನ ಪ್ರಾರ್ಥನಾ ಪತಾಕೆಗಳು ಗುರುತಿನವೇ. ಇನ್ನೊಂದು ಮಾತು: ಈ ಕತೆಯನ್ನು ಎತ್ತಿಕೊಂಡವನು ಹೊರಗಿನಿಂದ ಬಂದು ಸರಕು ಕೊಂಡೊಯ್ದ ವ್ಯಾಪಾರಿಯಲ್ಲ. ಆ ಭಾಷೆಯಲ್ಲಿ ಬೆಳೆದು, ದೇಶ ಬಿಟ್ಟು, ಪರಭಾಷೆಯ ಮಕ್ಕಳಿಗೆ ಕಲಿಸುತ್ತ ಬದುಕಿದವನು ತನ್ನ ಊರಿನ ಕತೆಯನ್ನು ತನಗೆ ಸಿಕ್ಕ ವಾದ್ಯಗಳಲ್ಲಿ ಹೇಳಿದ್ದಾನೆ. ಚೆಯೋವನ್ನು ಕಾಪಾಡುವ ಹೊಣೆ ಹನೋಯಿಯ ರಂಗಮಂದಿರಗಳದ್ದು, ನದಿಬಯಲಿನ ಹಳ್ಳಿಗಳದ್ದು. ಅದನ್ನು ಇಂಡಿಯಾನಾದ ಹುಡುಗರ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ.

ಹುಡುಗರೆಂದರೆ ಎರಡನೆಯ ಆಕ್ಷೇಪ ಬಂದೇ ಬರುತ್ತದೆ. ಒಪೆರಾ ಕಂಠ ನಿಧಾನವಾಗಿ ಮಾಗುವಂಥದು. ದೊಡ್ಡ ಪಾತ್ರಗಳಿಗೆ ಬೇಕಾದ ಕಸುವು ಮೂವತ್ತು ದಾಟಿದ ಮೇಲೇ ಬರುವುದು. ಇಪ್ಪತ್ತೆರಡು ಇಪ್ಪತ್ತೈದರ ಗಂಟಲಿಗೆ ವಾಗ್ನರನ ಭಾರ ಹೊರಿಸಿದರೆ ಗಂಟಲೇ ಹೋದೀತು. ನಿಜ. ಆದರೆ ಈ ಆಕ್ಷೇಪ ಹಳೆಯ ಒಪೆರಾಗಳಿಗೆ ತಗಲುವಷ್ಟು ಹೊಸದಕ್ಕೆ ತಗಲುವುದಿಲ್ಲ. ವೆರ್ಡಿಯ ಸ್ವರವನ್ನು ಯಾರೂ ಕೆಳಗಿಳಿಸಲಾರರು, ಆತ ಸತ್ತು ನೂರು ವರ್ಷ ಮೀರಿದೆ. ಫಾನ್ ಅದೇ ಶಾಲೆಯ ಅಧ್ಯಾಪಕರು. ಒಂದು ಸಾಲು ಹುಡುಗಿಯ ಗಂಟಲಿಗೆ ಎಟುಕದಿದ್ದರೆ ಕೇಳಬೇಕಾದವರು ಅಲ್ಲೇ ಸಿಗುತ್ತಾರೆ. ಮೊಜಾರ್ಟ್ 1782ರ ವಿಯೆನ್ನಾ ಒಪೆರಾದಲ್ಲಿ ಓಸ್ಮಿನ್ ಪಾತ್ರವನ್ನು ಅಷ್ಟು ಆಳಕ್ಕೆ ಇಳಿಸಿದ್ದು ಲೂಡ್ವಿಗ್ ಫಿಷರ್ ಎಂಬ ಗಾಯಕನ ಕಂಠದ ಆಳ ಅವನಿಗೆ ಗೊತ್ತಿದ್ದುದರಿಂದ. ಇಂಗ್ಲಿಷ್ ಒಪೆರಾದ ಮೊದಲ ಮೇರುಕೃತಿ ಎನ್ನುವ ಪರ್ಸೆಲ್‌ನ ‘ಡೈಡೊ ಆ್ಯಂಡ್ ಈನಿಯಸ್’ನ ಬಗ್ಗೆ ಉಳಿದಿರುವ ಅತ್ಯಂತ ಹಳೆಯ ಪ್ರದರ್ಶನದ ದಾಖಲೆ, 1689ರ ಹೊತ್ತಿನದು, ಲಂಡನ್ನಿನ ಚೆಲ್ಸಿಯಲ್ಲಿದ್ದ ಒಂದು ಹೆಣ್ಣುಮಕ್ಕಳ ವಸತಿಶಾಲೆಯದು. ಶಾಲೆಯಲ್ಲಿ ಒಪೆರಾ ಎಂದರೆ ದೊಡ್ಡವರ ಆಟದ ಸಣ್ಣ ನಕಲು ಎಂದು ಮೂಗು ಮುರಿಯುವವರು ಈ ದಾಖಲೆಯನ್ನು ಮರೆಯುತ್ತಾರೆ. ಹೊಸ ಕೃತಿಯಲ್ಲಿ ವಿದ್ಯಾರ್ಥಿಗೆ ಇನ್ನೊಂದು ಲಾಭವೂ ಇದೆ. ‘ಲಾ ಬೊಹೆಮ್’ ಕಲಿಯುವವಳ ಕಿವಿಯಲ್ಲಿ ಹತ್ತಾರು ಧ್ವನಿಮುದ್ರಣಗಳಿರುತ್ತವೆ. ಮಹಾ ಗಾಯಕಿಯರ ಉಸಿರು ಕೂಡ ಅನುಕರಣೆಗೆ ಸಿಕ್ಕಿರುತ್ತದೆ. ಥಿ ಕಿನ್ ಹಾಡುವವಳಿಗೆ ಕಾಗದದ ಮೇಲಿನ ಸ್ವರ ಬಿಟ್ಟರೆ ಬೇರೆ ಆಸರೆ ಇಲ್ಲ. ಪಾತ್ರ ಎಲ್ಲಿ ನಿಲ್ಲುತ್ತದೆ, ಎಲ್ಲಿ ಉಸಿರೆಳೆಯುತ್ತದೆ ಎಂಬುದನ್ನು ಲೋಕದಲ್ಲಿ ಮೊದಲು ತೀರ್ಮಾನಿಸಬೇಕಾದವಳು ಅವಳೇ. ಕಲಿಕೆ ಎಂಬ ಪದಕ್ಕೆ ಇದಕ್ಕಿಂತ ನೇರ ಅರ್ಥ ಹುಡುಕುವುದು ಕಷ್ಟ.

ವಾದದ ತಿರುಳು ಇರುವುದು ಸೋಲಿನ ವಿಷಯದಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1941ರ ಮೇ ತಿಂಗಳಲ್ಲಿ ಬೆಂಜಮಿನ್ ಬ್ರಿಟನ್ನನ ‘ಪಾಲ್ ಬನ್ಯನ್’ ಆಡಿದರು. ಸಾಹಿತ್ಯ ಕವಿ ಆಡೆನ್‌ನದು. ಹೆಸರು ದೊಡ್ಡದು, ಆದರೆ ವಿಮರ್ಶಕರು ಹಿಗ್ಗಾಮುಗ್ಗಾ ಜಾಡಿಸಿದರು. ಬ್ರಿಟನ್ ಕೃತಿಯನ್ನು ಬದಿಗಿಟ್ಟುಬಿಟ್ಟ, ಮೂರು ದಶಕ ಮೀರುವ ತನಕ ತಿರುಗಿ ನೋಡಲಿಲ್ಲ. ಆದರೆ ನಾಲ್ಕೇ ವರ್ಷಕ್ಕೆ ಲಂಡನ್ನಿನಲ್ಲಿ ಅವನ ‘ಪೀಟರ್ ಗ್ರೈಮ್ಸ್’ ಬಂತು, ಇಂಗ್ಲಿಷ್ ಒಪೆರಾದ ದಿಕ್ಕೇ ಬದಲಾಯಿತು. ಮೊದಲ ಪೆಟ್ಟನ್ನು ಒಂದು ವಿಶ್ವವಿದ್ಯಾಲಯದ ಗೋಡೆ ತಡೆದುಕೊಂಡಿತು ಎನ್ನಬೇಕು. ಅದೇ ಏಟು ದೊಡ್ಡ ಒಪೆರಾ ಮನೆಯಲ್ಲಿ, ಸಾಲ ಮಾಡಿ ಹಾಕಿದ ಹಣದ ಮೇಲೆ ಬಿದ್ದಿದ್ದರೆ ಎರಡನೆಯ ಅವಕಾಶ ಅಷ್ಟು ಬೇಗ ಸಿಗುತ್ತಿತ್ತೇ ಎಂಬುದು ಅನುಮಾನ. 1946ರಲ್ಲಿ ಅದೇ ಕೊಲಂಬಿಯಾದಲ್ಲಿ ಹುಟ್ಟಿದ ಮೆನೊಟ್ಟಿಯ ‘ದ ಮೀಡಿಯಂ’ಗೆ ಅದೃಷ್ಟ ಒಲಿಯಿತು, ಮರುವರ್ಷ ಬ್ರಾಡ್‌ವೇಗೆ ಹೋಗಿ ಇನ್ನೂರಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ಯಾವುದು ಬನ್ಯನ್, ಯಾವುದು ಮೀಡಿಯಂ ಎಂದು ಆಡುವ ಮೊದಲೇ ಹೇಳಬಲ್ಲ ಜೋಯಿಸ ಯಾರೂ ಇಲ್ಲ. ಆದ್ದರಿಂದ ಎರಡನ್ನೂ ಆಡಬಲ್ಲ ಜಾಗ ಬೇಕು. ಸೋತರೂ ಮರುದಿನ ಬೆಳಿಗ್ಗೆ ಎಂಟಕ್ಕೆ ಪಾಠ ನಡೆಯುವ ಜಾಗ.

ಹಣದ ಪ್ರಶ್ನೆಯನ್ನು ನುಣುಚಿಕೊಂಡು ಹೋಗಲಾಗದು. ಇಂಡಿಯಾನಾ ವಿಶ್ವವಿದ್ಯಾಲಯ ಸರ್ಕಾರದ ನೆರವಿನ ಸಂಸ್ಥೆ. ಜೋಳ ಬೆಳೆಯುವವನ ತೆರಿಗೆಯಲ್ಲಿ ವಿಯೆಟ್ನಾಮಿನ ಭಿಕ್ಷುಣಿಗೆ ಪರದೆ ಹೊಲಿಸುವುದು ಸರಿಯೇ ಎಂದು ಅವನು ಕೇಳಿದರೆ ತಪ್ಪಿಲ್ಲ. ಅಮೆರಿಕದಲ್ಲಿ ಉನ್ನತ ಶಿಕ್ಷಣದ ದುಬಾರಿತನ ಬೇರೆ. ಸಾಲ ಹೊತ್ತು ಹೊರಬೀಳುವ ಗಾಯಕರಲ್ಲಿ ಹಲವರಿಗೆ ಒಪೆರಾದಲ್ಲಿ ಹೊಟ್ಟೆಪಾಡು ಸಿಗುವುದಿಲ್ಲ ಎಂಬುದನ್ನು ಶಾಲೆಗಳು ಗಟ್ಟಿಯಾಗಿ ಹೇಳುವುದೂ ಇಲ್ಲ. ಇದಕ್ಕೆ ಪೂರ್ತಿ ಸಮಾಧಾನ ಕೊಡುವ ಉತ್ತರ ಈ ವಾದದಲ್ಲಿ ಇಲ್ಲ. ಇಷ್ಟು ಮಾತ್ರ ಹೇಳಬಹುದು: ವಿದ್ಯಾರ್ಥಿಗಳಿಗೆ ಪಾಠವಾಗಲೆಂದು ರಂಗ, ಬಡಗಿಯ ಕೊಟ್ಟಿಗೆ, ವಾದ್ಯವೃಂದ ಹೇಗೂ ಇರಲೇಬೇಕು, ಅವುಗಳ ಮೇಲೆ ಹಳೆಯದನ್ನೇ ಮತ್ತೆ ಮತ್ತೆ ಆಡಿದರೂ ಖರ್ಚು ಖರ್ಚೇ. ಅದೇ ದುಡ್ಡಿನಲ್ಲಿ ಆರರಲ್ಲಿ ಒಂದನ್ನು ಹೊಸದು ಮಾಡಿದರೆ ರೈತನ ಜೇಬಿಗೆ ಆಗುವ ವ್ಯತ್ಯಾಸ ಅಲ್ಪ, ಕಲೆಗೆ ಆಗುವ ವ್ಯತ್ಯಾಸ ಬಹಳ.

ಇನ್ನು ಆಯುಷ್ಯದ ಮಾತು. ಹೊಸ ಒಪೆರಾಗಳಲ್ಲಿ ಬಹುಪಾಲು ಮೊದಲ ಪ್ರದರ್ಶನವಾದ ಮೇಲೆ ಕಪಾಟು ಸೇರುತ್ತವೆ. ಮೊದಲನೆಯದಕ್ಕಿಂತ ಎರಡನೆಯ ನಿರ್ಮಾಣ ದೊರಕಿಸುವುದೇ ಕಷ್ಟವೆಂದು ರಚನಕಾರರು ಗೊಣಗುವುದುಂಟು. ಅಲ್ಲೂ ಶಾಲೆಗಳು ನೆರವಾಗಿವೆ: ಸ್ಯಾಂಟಾ ಫೆಯಲ್ಲಿ 2017ರಲ್ಲಿ ಮೊದಲು ಕಂಡ, ಸ್ಟೀವ್ ಜಾಬ್ಸ್ ಕುರಿತ ಮೇಸನ್ ಬೇಟ್ಸ್ ಅವರ ಒಪೆರಾ ಮರುವರ್ಷವೇ ಬ್ಲೂಮಿಂಗ್ಟನ್ನಿನ ವಿದ್ಯಾರ್ಥಿಗಳ ಬಾಯಿಗೆ ಬಂತು. ಕಪಾಟು ಸೇರಿದ್ದೆಲ್ಲ ಸತ್ತಿತೆಂದೂ ಅಲ್ಲ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ಎಷ್ಟೋ ಕಾಲ ಓದುವ ಕಾವ್ಯವೆಂದೇ ಎಣಿಕೆಯಲ್ಲಿತ್ತು. 1990ರ ದಶಕದಲ್ಲಿ ಬಿ.ವಿ. ಕಾರಂತರು ಹೆಗ್ಗೋಡಿನ ನೀನಾಸಮ್‌ಗಾಗಿ ಅದನ್ನು ಎತ್ತಿದಾಗ ಅದು ಕೇಳುವ, ನೋಡುವ ಗೀತನಾಟಕವಾಯಿತು. ಅದಕ್ಕೂ ಬೇಕಾದದ್ದು ಒಂದೇ ಕಡೆ ಇದ್ದು ಕಲಿಯುವ, ಹಾಡಬಲ್ಲ ತಂಡ. ಅಂಥ ತಂಡ ಹಳ್ಳಿಯ ರಂಗಶಾಲೆಯ ನೆರಳಿನಲ್ಲಿ ಸಿಕ್ಕಿತು.

ಬ್ಲೂಮಿಂಗ್ಟನ್ನಿನ ಕಪಾಟಿನಲ್ಲಿ ಇನ್ನೊಂದು ಒಪೆರಾ ಇದೆ. ಥಿ ಕಿನ್ ಬಂದ ಮೇಲೆ ಅದನ್ನು ನೆನೆಯದಿರುವುದು ಕಷ್ಟ. 1961ರ ಮೇ ತಿಂಗಳಲ್ಲಿ ಇದೇ ಶಾಲೆ ‘ದ ಸ್ಕಾರ್ಲೆಟ್ ಲೆಟರ್’ ಆಡಿತು. ಹಾಥಾರ್ನ್‌ನ ಕಾದಂಬರಿ ಆಧರಿಸಿದ್ದು. ಅಲ್ಲೂ ಕೂಸು ಎತ್ತಿಕೊಂಡು ಊರಿನ ಮುಂದೆ ನಿಂತ ಹೆಂಗಸು, ಅಲ್ಲೂ ತಂದೆ ಯಾರೆಂಬ ಪಂಚಾಯ್ತಿ, ಅಲ್ಲೂ ಬಾಯಿ ಬಿಡದ ನಾಯಕಿ. ಬರೆದವರು ವಾಲ್ಟರ್ ಕೌಫ್‌ಮನ್, ಅಲ್ಲಿ ಸಂಗೀತಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಬೊಹೆಮಿಯಾದಲ್ಲಿ ಹುಟ್ಟಿದ ಯಹೂದಿ. 1934ರಲ್ಲಿ ಮುಂಬಯಿಗೆ ಬಂದು, 1937ರಿಂದ 1946ರವರೆಗೆ ಅಲ್ಲಿನ ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗ ನೋಡಿಕೊಂಡಿದ್ದವರು. ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳ ರಾಗಗಳ ಮೇಲೆ ಅವರು ಬರೆದ ದಪ್ಪ ಪುಸ್ತಕಗಳನ್ನು ಈ ವಿಶ್ವವಿದ್ಯಾಲಯವೇ ಅಚ್ಚು ಹಾಕಿತು. 1984ರಲ್ಲಿ ಅವರು ಈ ಊರಿನಲ್ಲೇ ತೀರಿಕೊಂಡರು. ಅವರ ‘ಸ್ಕಾರ್ಲೆಟ್ ಲೆಟರ್’ ಇಂದು ಯಾರ ಬಾಯಲ್ಲೂ ಇಲ್ಲ. ಆದರೆ ಮುಂಬಯಿಯ ದಿನಗಳಲ್ಲಿ ಅವರು ಕಟ್ಟಿದ್ದೆಂದು ಹೆಸರಾದ, ತಂಬೂರಿಯ ಶ್ರುತಿಯ ಮೇಲೆ ಪಿಟೀಲು ಎಳೆಯುವ ಒಂದು ಸಣ್ಣ ಧಾಟಿ ಮೈಸೂರಿನಿಂದಲೂ ಧಾರವಾಡದಿಂದಲೂ ಬೆಳಗಿನ ಮೊದಲ ವಾರ್ತೆಗೆ ಮುಂಚೆ ಎಷ್ಟೋ ದಶಕ ಮೂಡಿಬಂತು: ರೇಡಿಯೊ ಇದ್ದ ಮನೆಗಳವರು ಅದು ಕೇಳಿ ಒಲೆ ಹಚ್ಚಿದರು, ಗಡಿಯಾರ ಸರಿಮಾಡಿಕೊಂಡರು.